ಯಾವಾಗ ಬಂದಿ, ಯಾವಾಗ ಹೋಗ್ತಿ?

(ಧಾರವಾಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ದತ್ತಿಯ ಪತ್ರದಲ್ಲಿ ಉಪನ್ಯಾಸದ ವಿಷಯ ‘ಕುಟುಂಬ ಮತ್ತು ಶಿಕ್ಷಣ’ ಎಂದಷ್ಟೇ ಇದೆ. ಇಷ್ಟು ದೊಡ್ಡ ವಿಷಯವನ್ನು ಒಂದು ಗಂಟೆಯಲ್ಲಿ ಎಲ್ಲಿಂದ ಹಿಡಿಯಲಿ ಎಂದು ದತ್ತಿ ಇಟ್ಟ ದಾನಿಗಳನ್ನೇ ಕೇಳಿದೆ. ಅವರು ತಮ್ಮ ತಾಯಿಯ ಬಗ್ಗೆ ಒಂದೇ ಮಾತು ಹೇಳಿದರು: “ನಾ ಧಾರವಾಡದಾಗ ಓದೂ ಮುಂದ ನಮ್ಮವ್ವ ಐದು ವರ್ಷ ಮುಂಜಾನಿ ಬಸ್ಸಿಗೆ ಬುತ್ತಿ ಹಾಕ್ಯಾಳ್ರಿ. ಒಂದ ದಿನಾನೂ ತಪ್ಪಿಸಿಲ್ಲ.” ವಿಷಯ ನನಗೆ ಅಲ್ಲೇ ಸಿಕ್ಕಿತು.

ಮುಂಜಾನೆ ಹೊತ್ತು ಧಾರವಾಡದ ಬಸ್ ನಿಲ್ದಾಣದಲ್ಲಿ ನಿಂತು ನೋಡಿದವರಿಗೆ ಬುತ್ತಿಯ ಬಗ್ಗೆ ವಿವರಿಸಬೇಕಿಲ್ಲ. ಹಳ್ಳಿಯ ಬಸ್ಸು ಬಂದು ನಿಲ್ಲುತ್ತಲೇ ಹತ್ತಿಪ್ಪತ್ತು ಹುಡುಗರು ಡ್ರೈವರನ ಕಡೆಗೆ ಹೋಗುತ್ತಾರೆ. ಇಂಜಿನ್ನಿನ ಪಕ್ಕ, ಸೀಟಿನ ಕೆಳಗೆ ಸಾಲಾಗಿ ಡಬ್ಬಿಗಳು, ಬಟ್ಟೆಯ ಗಂಟುಗಳು. ಒಂದಕ್ಕೆ ಕೆಂಪು ದಾರ, ಇನ್ನೊಂದರ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಹೆಸರು, ಮತ್ತೊಂದು ಗಂಟು ತಾಯಿಯ ಹಳೆಯ ಇಳಕಲ್ ಸೀರೆಯ ಚೂರಿನದು. ನಾಲ್ಕು ಜೋಳದ ರೊಟ್ಟಿ, ಒಂದು ಪಲ್ಯ, ಶೇಂಗಾ ಚಟ್ನಿ, ಮೊಸರಿನದೊಂದು ಸಣ್ಣ ಡಬ್ಬಿ. ಹುಡುಗ ತನ್ನದನ್ನು ಎತ್ತಿಕೊಂಡು ನಿನ್ನೆಯ ಖಾಲಿ ಡಬ್ಬಿಯನ್ನು ಅದೇ ಜಾಗದಲ್ಲಿ ಇಟ್ಟು ಹೋಗುತ್ತಾನೆ. ಸಂಜೆ ಆ ಡಬ್ಬಿ ಊರು ಮುಟ್ಟುತ್ತದೆ. ದಾನಿಗಳು ಇನ್ನೊಂದು ಸಂಗತಿಯನ್ನೂ ಹೇಳಿದರು. ಡಬ್ಬಿಯಲ್ಲಿ ರೊಟ್ಟಿ ಉಳಿದು ಬಂದ ದಿನ ತಾಯಿ ಕಂಡಕ್ಟರನನ್ನು ನಿಲ್ಲಿಸಿ, “ಹುಡುಗ ಕಣ್ಣಿಗಿ ಬಿದ್ದಿದ್ನಾ? ಮಾರಿ ಹೆಂಗಿತ್ತು?” ಎಂದು ಕೇಳುತ್ತಿದ್ದರಂತೆ.

ಹೀಗೆ ದಿನವೂ ಡಬ್ಬಿಯ ಮೂಲಕ ಮಗನನ್ನು ತಿಳಿದುಕೊಳ್ಳುತ್ತಿದ್ದ ತಾಯಿಯ ಮುಂದೆ, ಒಂದು ದಿನ ಮಗನೇ ಚೀಲ ಹಿಡಿದು ಪಡಸಾಲೆಯಲ್ಲಿ ಬಂದು ನಿಂತಾಗ ಏನಾಗುತ್ತದೆ? ನಾನು ಇವತ್ತು ಮಾತಾಡಬೇಕೆಂದಿರುವುದು ಇದರ ಬಗ್ಗೆ. ಕಾಲೇಜಿಗೆ ಹೋದ ಮಕ್ಕಳು ರಜೆಗೆ ಬರುವ ಹತ್ತು ದಿನ, ತಿಂಗಳ ಮನೆವಾಳ್ತೆಯ ಬಗ್ಗೆ. ಇದನ್ನು ಮೂರು ಕಡೆಯಿಂದ ನೋಡಿದವಳು ನಾನು. ಹಾಗೆ ಬಂದ ಮಗಳಾಗಿ, ಅಂಥ ಹುಡುಗಿಯರನ್ನು ಊರಿಗೆ ಕಳಿಸಿಕೊಡುವ ಹಾಸ್ಟೆಲ್ಲಿನ ವಾರ್ಡನ್ನಾಗಿ, ಈಗ ಅಂಥ ಹುಡುಗನೊಬ್ಬನ ಸೋದರತ್ತೆಯಾಗಿ.

ನನ್ನ ಊರು ರೋಣ ತಾಲ್ಲೂಕಿನ ಒಂದು ಎರೆಸೀಮೆಯ ಹಳ್ಳಿ. 1997ರಲ್ಲಿ ಗದಗ ಜಿಲ್ಲೆಯಾಗುವ ತನಕ ಅದೂ ಧಾರವಾಡ ಜಿಲ್ಲೆಯೇ. 1977ರಲ್ಲಿ ಬಿ.ಎ. ಓದಲು ಇಲ್ಲಿಗೆ ಬಂದೆ. ನಮ್ಮ ಓಣಿಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ಆ ವರ್ಷದ ದೀಪಾವಳಿಗೆ ಊರಿಗೆ ಹೋದೆ. ಬಸ್ಸಿಳಿದು ಮನೆ ಮುಟ್ಟುವುದರೊಳಗೆ ಐದು ಕಟ್ಟೆಗಳ ಮುಂದೆ ಒಂದೇ ಪ್ರಶ್ನೆ: “ಯಾವಾಗ ಬಂದಿ? ಮತ್ತ ಯಾವಾಗ ಹೋಗ್ತಿ?” ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೆ ಹಿಂದಿನ ಜೂನ್ ತಿಂಗಳವರೆಗೆ ಅದೇ ಓಣಿಯಲ್ಲಿ ಸಗಣಿ ಬುಟ್ಟಿ ಹೊತ್ತು ತಿರುಗಿದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ.

ಮನೆಯಲ್ಲಿ ಅವ್ವ ನೀರಿನ ಕೊಡ ಮುಟ್ಟಗೊಡಲಿಲ್ಲ. “ಸುಮ್ಮನ ಕುಂದ್ರವಾ, ದಣದ ಬಂದೀ” ಅಂದಳು. ನನ್ನ ಕೊಡ ಈಗ ತಂಗಿಯ ಸೊಂಟದ ಮೇಲಿತ್ತು. ನಾನು ಹೊದೆಯುತ್ತಿದ್ದ ಕೌದಿಯನ್ನು ತಮ್ಮ ಹೊದ್ದುಕೊಂಡಿದ್ದ. ನನಗೆ ಬೀಗರು ಬಂದಾಗ ತೆಗೆಯುವ ಹೊಸ ಕೌದಿ ತೆಗೆದರು. ಊಟಕ್ಕೆ ಕುಳಿತರೆ ಅಪ್ಪನ ಸಾಲಿನಲ್ಲಿ ನನ್ನ ತಾಟು, ಮೊದಲ ಬಿಸಿ ರೊಟ್ಟಿ ನನಗೆ. ಕೊನೆಗೆ ಒಂದು ಬಟ್ಟಲ ತುಂಬ ಗಟ್ಟಿ ಮೊಸರು, ಮೇಲೆ ಕೆನೆ. ನನಗೆ ಮಾತ್ರ. “ನಿಮಗ?” ಅಂದರೆ, “ನಾವು ದಿನಾ ತಿಂತೀವಲ್ಲ” ಎಂಬ ಉತ್ತರ.

ಗ್ವಾದಲಿಯ ಹತ್ತಿರ ಎಮ್ಮೆ ಕಾಣಲಿಲ್ಲ. ಗಬ್ಬದ ಎಮ್ಮೆ, ಮೇವಿನ ತೊಂದರೆಯೆಂದು ಸೋದರಮಾವನ ಊರಿಗೆ ಬಿಟ್ಟೇವಿ ಎಂದು ಅಪ್ಪ ಹೇಳಿದರು. ನಂಬಿದೆ. ಆರನೆಯ ದಿನ ಸಂಜೆ ಹಿತ್ತಲಕ್ಕೆ ಹೋದವಳು ತಂಗಿ ನೆರೆಮನೆಯ ಬಾಗಿಲಿನಿಂದ ಸೆರಗಿನ ಮರೆಯಲ್ಲಿ ಒಂದು ಬಟ್ಟಲು ಹಿಡಿದು ಬರುವುದನ್ನು ಕಂಡೆ. ನನ್ನನ್ನು ನೋಡಿ ಅವಳ ಕಾಲು ನಿಂತುಬಿಟ್ಟವು. ಎಮ್ಮೆಯನ್ನು ಮಾರಿ ನನ್ನ ಹಾಸ್ಟೆಲ್ ಶುಲ್ಕ ಕಟ್ಟಿದ್ದರು. ನಾನು ದಿನಾ ಉಣ್ಣುತ್ತಿದ್ದದ್ದು ಕಡ ತಂದ ಮೊಸರು.

ಅವರು ಮುಚ್ಚಿಟ್ಟದ್ದು ಯಾಕೆಂದು ನನಗೆ ಆಗಲೂ ಗೊತ್ತಿತ್ತು. ‘ಹುಡುಗಿಯ ಅಭ್ಯಾಸ ಕೆಡಬಾರದು.’ ಆದರೆ ಆ ರಾತ್ರಿ ನನಗೆ ಎಮ್ಮೆಗಿಂತ ಹೆಚ್ಚು ನೋವು ಕೊಟ್ಟದ್ದು ಬೇರೆ. ಹದಿಮೂರು ವರ್ಷದ ತಂಗಿಗೆ ಗೊತ್ತಿದ್ದ ಮನೆಯ ಸಂಗತಿ ಹದಿನೆಂಟು ವರ್ಷದ ನನಗೆ ಗೊತ್ತಿರಲಿಲ್ಲ. ಐದು ತಿಂಗಳಲ್ಲಿ ನನ್ನ ಮನೆಗೆ ನಾನು ಬೀಗಿತ್ತಿಯಾಗಿದ್ದೆ.

ಇದಕ್ಕೆ ಕಾರಣ ನನ್ನ ತಂದೆತಾಯಿಯ ಸ್ವಭಾವ ಎಂದು ಬಹಳ ವರ್ಷ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಮನೆ ಬಿಟ್ಟು ಹೋದವರು ಮರಳಿ ಬರುವುದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇದೆ, ಅದು ಮದುವೆಯಾದ ಹೆಣ್ಣುಮಗಳಿಗಾಗಿ ಇರುವಂಥದ್ದು. ನಾಗರ ಪಂಚಮಿ ಬಂತೆಂದರೆ ಅಣ್ಣ ಕರೆಯಲು ಹೋಗುತ್ತಾನೆ. ಮನೆಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಸಿದ್ಧವಾಗಿರುತ್ತದೆ, ಮರಕ್ಕೆ ಜೋಕಾಲಿ ಬಿದ್ದಿರುತ್ತದೆ. ಹೊರಡುವ ದಿನ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಕೊಂಬು ಇಟ್ಟು ಉಡಿ ತುಂಬುತ್ತಾರೆ. ಬರುವುದಕ್ಕೂ ಹೋಗುವುದಕ್ಕೂ ಅರ್ಥವಿದೆ. ಅವಳಿಗೆ ಕೆಲಸ ಹಚ್ಚಬಾರದು, ಯಾಕೆಂದರೆ ಗಂಡನ ಮನೆಯಲ್ಲಿ ದುಡಿದು ಬಂದಿದ್ದಾಳೆ. ಮನೆಯ ತಾಪತ್ರಯ ಹೇಳಬಾರದು, ಯಾಕೆಂದರೆ ಅವಳು ಈಗ ಬೇರೆ ಮನೆಯವಳು. ಹುಟ್ಟಿದ ಮನೆಗೆ ತವರು ಎಂಬ ಚೆಂದದ ಹೆಸರೂ ಇದೆ. ಕಾಲೇಜಿನಿಂದ ಬಂದ ಮಗನಿಗೆ, ಮದುವೆಯಾಗದ ಮಗಳಿಗೆ ನಮ್ಮ ಭಾಷೆಯಲ್ಲಿ ಅಂಥ ಶಬ್ದವೂ ಇಲ್ಲ, ಪದ್ಧತಿಯೂ ಇಲ್ಲ. ಕೈಗೆ ಸಿಕ್ಕದ್ದು ತವರಿನ ಪದ್ಧತಿ ಒಂದೇ. ನಮ್ಮ ತಾಯಂದಿರು ಅದನ್ನೇ ತೆಗೆದು ಬಳಸಿದರು. ಓದಲು ಹೋದ ಮಗುವನ್ನು ಕೊಟ್ಟ ಮಗಳ ಹಾಗೆ ನಡೆಸಿಕೊಂಡರು.

ಪದ್ಧತಿ ಇಲ್ಲದಿರುವುದರಲ್ಲಿ ಆಶ್ಚರ್ಯವಿಲ್ಲ. ಈ ಬರುವಿಕೆ, ಹೋಗುವಿಕೆ ಶುರುವಾಗಿ ಎಷ್ಟು ಕಾಲವಾಯಿತು? ಈ ಊರಿನಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1890ರಲ್ಲಿ, ಕರ್ನಾಟಕ ಕಾಲೇಜು 1917ರಲ್ಲಿ. ಅದಕ್ಕೂ ಮೊದಲು ಕಾಲೇಜು ಎಂದರೆ ಪುಣೆ, ಮುಂಬಯಿ. ಬೇಂದ್ರೆಯವರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಬಡವರ ಮಕ್ಕಳು ವಾರಾನ್ನದ ಮನೆಗಳಲ್ಲಿ ದಿನಕ್ಕೊಂದು ಪಡಸಾಲೆಯಲ್ಲಿ ಉಂಡು ಓದಿದರು. ತುಮಕೂರಿನ ಸಿದ್ಧಗಂಗೆಯಂಥ, ಧಾರವಾಡದ ಮುರುಘಾಮಠದಂಥ ಕಡೆ ಪ್ರಸಾದ ನಿಲಯಗಳು ಸಾವಿರಾರು ಹಳ್ಳಿ ಹುಡುಗರಿಗೆ ಅನ್ನ ಹಾಕಿದವು. ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸರ ಕಾಲದಲ್ಲಿ, ಹಿಂದುಳಿದ ವರ್ಗಗಳ ಹಾವನೂರ ಆಯೋಗದ ವರದಿಯ ಆಸುಪಾಸು, ಅದುವರೆಗೆ ಕಾಲೇಜಿನ ಹೆಸರನ್ನೇ ಕೇಳದ ಮನೆಗಳಿಂದ ಮಕ್ಕಳು ಹಾಸ್ಟೆಲುಗಳಿಗೆ ಬಂದರು. ಬಹಳಷ್ಟು ಮನೆಗಳಿಗೆ ಇದು ಎರಡು ತಲೆಮಾರಿನ ಅನುಭವ. ಎಷ್ಟೋ ಮನೆಗಳಿಗೆ ಈಗಿನ ಮಗನೇ ಮೊದಲು.

ನಮ್ಮ ಸಾಹಿತ್ಯ ಇದನ್ನು ಬೇಗನೆ ಗುರುತಿಸಿತು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಬಂದದ್ದು 1936ರಲ್ಲಿ. ಅಷ್ಟು ದೊಡ್ಡ ಕಾದಂಬರಿ ತೆರೆದುಕೊಳ್ಳುವುದು ಮೈಸೂರಿನಲ್ಲಿ ಓದುತ್ತಿದ್ದ ಹೂವಯ್ಯ, ರಾಮಯ್ಯ ರಜೆಗೆ ಊರಿಗೆ ಬರುವುದರಿಂದ. ಬರುವಾಗಲೇ ಗಾಡಿ ಉರುಳಿ ಹೂವಯ್ಯನ ಬೆನ್ನಿಗೆ ಪೆಟ್ಟಾಗುತ್ತದೆ. ಮುಂದೆ ಆ ಮನೆ ಪಾಲಾಗುವ ತನಕ ಕತೆ ಹೋಗುತ್ತದೆ. ತರಗತಿಯಲ್ಲಿ ಈ ಕಾದಂಬರಿ ಪಾಠ ಮಾಡುವಾಗ ನಾನು ಹುಡುಗಿಯರನ್ನು ಕೇಳುತ್ತಿದ್ದೆ: ಓದಿದ ಹುಡುಗರು ಬರದಿದ್ದರೆ ಕಾನೂರಿನ ಮನೆ ಒಡೆಯುತ್ತಿರಲಿಲ್ಲವೇ? ಪ್ರತಿ ವರ್ಷವೂ ಯಾರಾದರೊಬ್ಬಳು ಹೇಳುತ್ತಿದ್ದಳು, ಒಡಕು ಮೊದಲೇ ಇತ್ತು, ಹೊರಗಿನಿಂದ ಬಂದವನ ಕಣ್ಣಿಗೆ ಅದು ಬಿತ್ತು ಎಂದು. ಆ ಉತ್ತರ ಕೊಡುತ್ತಿದ್ದವರು ಹೆಚ್ಚಾಗಿ ಹಾಸ್ಟೆಲ್ಲಿನ ಹುಡುಗಿಯರು.

ಹೊರಗಿನಿಂದ ಬಂದವರ ಕಣ್ಣು ಎಂದೆ. ಇಪ್ಪತ್ತೆರಡು ವರ್ಷ ವಾರ್ಡನ್ ಆಗಿದ್ದಾಗ ಕಂಡ ಒಂದು ಪ್ರಸಂಗ ಹೇಳುತ್ತೇನೆ. ಒಂದೇ ರೂಮಿನ ಇಬ್ಬರು ಹುಡುಗಿಯರು, ಎರಡು ವರ್ಷ ಒಂದೇ ತಾಟಿನಲ್ಲಿ ಉಂಡವರು. ಒಬ್ಬಳು ಎಳ್ಳ ಅಮಾವಾಸ್ಯೆಗೆ ಗೆಳತಿಯನ್ನು ತನ್ನ ಊರಿಗೆ ಕರೆದುಕೊಂಡು ಹೋದಳು. ಹೊಲಕ್ಕೆ ಹೋಗಿ ಚರಗ ಚೆಲ್ಲಿದರು, ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಎಲ್ಲ ಚೆಂದಾಗಿಯೇ ನಡೆಯಿತು. ಸಂಜೆ ಮನೆಗೆ ಬಂದ ಮೇಲೆ ಯಾರೋ ಗೆಳತಿಯ ಅಡ್ಡಹೆಸರು ಕೇಳಿದರು. ಮರುದಿನ ಮುಂಜಾನೆ ಎಲ್ಲರಿಗೂ ಸ್ಟೀಲಿನ ಲೋಟದಲ್ಲಿ ಚಹಾ ಬಂತು, ಆ ಹುಡುಗಿಗೆ ಕಾಗದದ ಕಪ್ಪಿನಲ್ಲಿ. ಯಾರೂ ಒಂದು ಕೆಟ್ಟ ಮಾತು ಆಡಲಿಲ್ಲ. ಹುಡುಗಿಯರಿಬ್ಬರೂ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದರು. ಆ ಮನೆಯ ಮಗಳು ಮುಂದಿನ ಎರಡು ರಜೆಗೆ ಊರಿಗೆ ಹೋಗಲಿಲ್ಲ. ಅವಳ ತಾಯಿ ನನಗೆ ಫೋನು ಮಾಡಿ, “ಹಾಸ್ಟೆಲ್ಲಿಗಿ ಹೋಗಿ ನಮ್ಮ ಹುಡುಗಿ ಕೆಟ್ಟಳ್ರಿ ಮೇಡಂ” ಎಂದು ಅತ್ತರು. ನಾನು ಅವರಿಗೆ, “ಇಲ್ರಿ, ಇಷ್ಟು ವರ್ಷದಾಗ ನಾ ಕಂಡ ಒಳ್ಳೆಯ ಹುಡುಗಿಯರೊಳಗ ಆಕಿ ಒಬ್ಬಾಕಿ” ಎಂದೆ. ಈಗಲೂ ಅದೇ ಮಾತು ಹೇಳುತ್ತೇನೆ. ಮಕ್ಕಳು ಕಾಲೇಜಿನಿಂದ ತರುವುದು ಅಂಕಪಟ್ಟಿಯೊಂದನ್ನೇ ಅಲ್ಲ, ಗೆಳೆಯರನ್ನೂ ತರುತ್ತಾರೆ. ಆ ಗೆಳೆಯನಿಗೆ ಯಾವ ಲೋಟದಲ್ಲಿ ಚಹಾ ಕೊಟ್ಟೆವು ಎಂಬುದನ್ನು ಮಕ್ಕಳು ಮರೆಯುವುದಿಲ್ಲ.

ಇನ್ನು ನನ್ನ ತಮ್ಮನ ಮನೆಗೆ ಬರುತ್ತೇನೆ. 1977ರಲ್ಲಿ ನನ್ನ ಕೌದಿ ಹೊದ್ದು ಮಲಗಿದ್ದ ತಮ್ಮನೇ ಈಗ ಊರಿನ ಹೊಲಮನೆ ನೋಡಿಕೊಳ್ಳುತ್ತಾನೆ. ತಡವಾಗಿ ಹುಟ್ಟಿದ ಅವನ ಒಬ್ಬನೇ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ನಮ್ಮ ಕಾಲದಲ್ಲಿ ರಜೆ ಎಂದರೆ ಎರಡೇ, ದೀಪಾವಳಿ ಮತ್ತು ಬೇಸಿಗೆ. ಹಬ್ಬಕ್ಕೆ ರಜೆ ಹೊಂದಿಕೊಳ್ಳುತ್ತಿತ್ತು. ಈಗ ಸೆಮಿಸ್ಟರು. ಹಬ್ಬದ ದಿನ ಇಂಟರ್ನಲ್ಸ್ ಇರುತ್ತದೆ, ಮನೆಯಲ್ಲಿ ಏನೂ ಇಲ್ಲದ ದಿನಗಳಲ್ಲಿ ಹುಡುಗ ಬಂದಿಳಿಯುತ್ತಾನೆ. ಹೋದ ವರ್ಷ ಹೀಗೆ ಬಂದಾಗ ನಾನೂ ಊರಿನಲ್ಲಿದ್ದೆ.

ಸ್ಲೀಪರ್ ಬಸ್ಸಿಳಿದು ಮುಂಜಾನೆ ಆರಕ್ಕೆ ಬಂದ. ಬೆನ್ನಿಗೊಂದು ಬ್ಯಾಗು, ಕೈಯಲ್ಲಿ ತೊಳೆಯದ ಬಟ್ಟೆಯ ಇನ್ನೊಂದು ಬ್ಯಾಗು. ತಾಯಿ ಆ ಬಟ್ಟೆಯ ಬ್ಯಾಗನ್ನು ಮೊದಲು ಇಸಿದುಕೊಂಡಳು. ಚಹಾ ಕುಡಿದ, ಮಲಗಿದ. ಹನ್ನೊಂದಕ್ಕೆ ಎದ್ದ. ಮರುದಿನವೂ ಹನ್ನೊಂದು. ಮೂರನೆಯ ದಿನ ತಮ್ಮ ಹೊಲದಿಂದ ಬಂದವನು ಪಡಸಾಲೆಯಲ್ಲಿ ಮಲಗಿದ್ದ ಮಗನನ್ನು ನೋಡಿ ಹಾರೆಯನ್ನು ದಢಕ್ಕನೆ ಗೋಡೆಗೆ ಒರಗಿಸಿದ. ಮಾತಾಡಲಿಲ್ಲ. ಮಾತಿಗಿಂತ ದೊಡ್ಡದಾಗಿ ಕೇಳಿತು ಆ ಸಪ್ಪಳ.

ಈ ನಿದ್ದೆಯ ಜಗಳ ಎಲ್ಲ ಮನೆಯಲ್ಲೂ ಇದೆ, ಹೀಗಾಗಿ ಇದರ ಬಗ್ಗೆ ನಾಲ್ಕು ಮಾತು. ನಿದ್ದೆ ತರಿಸುವ ಮೆಲಟೋನಿನ್ ಎಂಬ ರಸ ಹದಿಹರೆಯದಲ್ಲಿ ರಾತ್ರಿ ತಡವಾಗಿ ಸ್ರವಿಸುತ್ತದೆ. ಮೈಯ ಗಡಿಯಾರ ಹೀಗೆ ಹಿಂದೆ ಬೀಳುವುದು ಸುಮಾರು ಇಪ್ಪತ್ತನೆಯ ವಯಸ್ಸಿನ ತನಕ ಹೆಚ್ಚುತ್ತ ಹೋಗಿ ಆಮೇಲೆ ಮೆಲ್ಲಗೆ ಮುಂದೆ ಬರುತ್ತದೆ. ನಿದ್ದೆಯ ಬಗ್ಗೆ ಸಂಶೋಧನೆ ಮಾಡಿದವರು ಇದನ್ನು ತೋರಿಸಿದ್ದಾರೆ. ಕಾಲೇಜು ಹುಡುಗನಿಗೆ ಹತ್ತು ಗಂಟೆಗೆ ಕಣ್ಣು ಎಳೆಯದಿರುವುದು ಬರಿಯ ಮೊಬೈಲಿನ ತಪ್ಪಲ್ಲ, ಮೊಬೈಲು ಅದನ್ನು ಇನ್ನಷ್ಟು ಎಳೆಯುತ್ತದೆ. ಪರೀಕ್ಷೆಯ ತಿಂಗಳು ಕೆಟ್ಟ ನಿದ್ದೆಯ ಬಾಕಿಯೂ ಸೇರಿರುತ್ತದೆ. ಮೊದಲ ಮೂರು ದಿನ ಮಲಗಲು ಬಿಡಿ. ನಾಲ್ಕನೆಯ ದಿನದಿಂದ ಎಬ್ಬಿಸಲು ಒಂದು ಕಾರಣ ಕೊಡಿ. ‘ಏಳು ಗಂಟೆಯಾತು’ ಎಂಬುದು ಕಾರಣವಲ್ಲ. ‘ಎಂಟಕ್ಕ ಅಜ್ಜನ್ನ ದವಾಖಾನಿಗಿ ಕರಕೊಂಡು ಹೋಗಬೇಕು, ಗಾಡಿ ನೀನ ಹೊಡಿ’ ಎಂಬುದು ಕಾರಣ.

ನಾಲ್ಕನೆಯ ದಿನ ತಮ್ಮ ತನ್ನ ಮೊಬೈಲನ್ನು ಮಗನ ಕೈಗೆ ಕೊಟ್ಟ. ‘ತುಂಬೇತಿ ಅಂತ ತೋರಸ್ತತಿ, ಖಾಲಿ ಮಾಡು.’ ಮಗ ಕುಳಿತು ಬೇಡದ ಫೋಟೊ, ವೀಡಿಯೊ ಅಳಿಸುತ್ತ ಹೋದ. ಅದರ ನಡುವೆ ಒಂದು ಬ್ಯಾಂಕಿನ ಸಂದೇಶ, ಅದರ ಹಿಂದೆ ಇನ್ನೊಂದು, ಒಟ್ಟು ಏಳು. ಬೋರ್‌ವೆಲ್ಲಿನ ಸಾಲದ ಕಂತು ಬಾಕಿ. ಬೋರು ಹೊಡೆಸಿದ್ದೇ ಅವನಿಗೆ ಗೊತ್ತಿರಲಿಲ್ಲ. ನೀರು ಬೀಳಲಿಲ್ಲ ಎಂಬುದೂ ಗೊತ್ತಿರಲಿಲ್ಲ. ಮೊಬೈಲನ್ನು ತಂದೆಯ ಕೈಗೆ ಮರಳಿ ಕೊಟ್ಟು ಹಿತ್ತಲಕ್ಕೆ ಬಂದ. ಅಲ್ಲಿ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದ ನನ್ನ ಎದುರು ಕುಳಿತು ಮೆಲ್ಲಗೆ ಕೇಳಿದ: “ಅತ್ತಿ, ನನಗ್ಯಾಕ ಯಾರೂ ಹೇಳಲಿಲ್ಲ?”

ನನಗೆ ಸೆರಗಿನ ಮರೆಯ ಮೊಸರಿನ ಬಟ್ಟಲು ನೆನಪಾಯಿತು. ಅದೇ ಮನೆ, ಅದೇ ಹಿತ್ತಲು. ನಡುವೆ ನಲವತ್ತೇಳು ವರ್ಷ ಕಳೆದಿದ್ದವು.

ಅವತ್ತು ರಾತ್ರಿ ಊಟವಾದ ಮೇಲೆ ತಮ್ಮನಿಗೆ ಹೇಳಿದೆ, ಲೆಕ್ಕದ ಪುಸ್ತಕ ತಾ ಎಂದು. ಅವನು, “ಅಕ್ಕಾ, ಅಂವಗ ಯಾಕ ಆ ಚಿಂತಿ? ಪರೀಕ್ಷಾ ಅದಾವ” ಅಂದ. “ಪರೀಕ್ಷಾ ಮುಗದಾವ ಅಂತನ ಬಂದಾನ” ಅಂದೆ. ಪುಸ್ತಕ ಬಂತು. ಹಳೆಯ ಡೈರಿ, ಅದರಲ್ಲಿ ಬೀಜ, ಗೊಬ್ಬರ, ಆಳಿನ ಪಗಾರ, ಬೋರು, ಹುಡುಗನ ಫೀ, ಎಲ್ಲ ಒಂದೇ ಪೆನ್ನಿನಲ್ಲಿ ಒಂದರ ಕೆಳಗೊಂದು. ಹುಡುಗ ಅರ್ಧ ಗಂಟೆ ಪುಟ ತಿರುಗಿಸಿದ. ತನ್ನ ಫೀ ಇದ್ದ ಸಾಲುಗಳ ಮೇಲೆ ಬೆರಳಿಟ್ಟು ನಿಲ್ಲುತ್ತಿದ್ದ. ತಾಯಿ ಒಳಗಿನಿಂದ, “ಹುಡುಗನ್ನ ಅಳಸಬ್ಯಾಡ್ರಿ” ಎಂದಳು. ಅವನು ಅಳಲಿಲ್ಲ. ಪ್ರಶ್ನೆ ಕೇಳಿದ. ಇದು ಯಾವ ತಿಂಗಳು, ಇದಕ್ಕೆ ಬಡ್ಡಿ ಎಷ್ಟು, ಕಡಲೆ ಎಷ್ಟು ಎಕರೆ.

ಎಂಟು ಎಕರೆ ಕಡಲೆ. ಎರೆಹೊಲದ ಹಿಂಗಾರಿ ಬೆಳೆ, ರಾಶಿಗೆ ಬಂದಿತ್ತು. ಬೆಂಬಲ ಬೆಲೆಗೆ ಖರೀದಿ ಕೇಂದ್ರದಲ್ಲಿ ಕಡಲೆ ಕೊಡಬೇಕೆಂದರೆ ರೈತರ ನೋಂದಣಿಯ ‘ಫ್ರೂಟ್ಸ್’ ಸಂಖ್ಯೆ ಬೇಕು, ಬೆಳೆ ಸಮೀಕ್ಷೆಯ ದಾಖಲೆ ಹೊಂದಬೇಕು. ಹುಡುಗ ಮೊಬೈಲಿನಲ್ಲಿ ನೋಡಿದರೆ ಒಂದು ಹೊಲದಲ್ಲಿ ಕಡಲೆಯ ಬದಲು ಜೋಳ ಎಂದು ದಾಖಲಾಗಿತ್ತು. ತಮ್ಮನಿಗೆ ಅದು ಗೊತ್ತೇ ಇರಲಿಲ್ಲ. ಕಳೆದ ವರ್ಷ ಪೇಟೆಯಲ್ಲಿ ಸಿಕ್ಕ ದರಕ್ಕೆ ಮಾರಿ ಬಂದಿದ್ದ. ಹುಡುಗ ರೈತ ಸಂಪರ್ಕ ಕೇಂದ್ರಕ್ಕೂ ಗ್ರಾಮ ಆಡಳಿತಾಧಿಕಾರಿಯ ಹತ್ತಿರವೂ ನಾಲ್ಕು ದಿನ ಅಲೆದು ಅದನ್ನು ಸರಿಪಡಿಸಿದ. ಆ ನಾಲ್ಕೂ ದಿನ ಮುಂಜಾನೆ ಏಳಕ್ಕೆ ಎದ್ದ. ಯಾರೂ ಎಬ್ಬಿಸಲಿಲ್ಲ.

ಸಾಲ ಅದರಿಂದ ತೀರಲಿಲ್ಲ. ಅಂಥ ಸುಖಾಂತ್ಯ ಇಲ್ಲಿ ಇಲ್ಲ. ಆದರೆ ತಂದೆಮಗನ ನಡುವೆ ಆಡಲು ಒಂದು ಮಾತು ಹುಟ್ಟಿತು. ಹುಡುಗ ಬೆಂಗಳೂರಿಗೆ ಹೋದ ಮೇಲೂ ಫೋನಿನಲ್ಲಿ ಮೊದಲಿನ ‘ಊಟ ಆತಾ, ಆತು’ ನಿಂತು, ‘ಕಡಲಿ ತೂಕ ಆತಾ, ರೊಕ್ಕ ಜಮಾ ಆತಾ’ ಶುರುವಾಯಿತು. ಫೋನಿಟ್ಟ ಮೇಲೆ ತಮ್ಮನ ಮುಖ ನೋಡಿದವರಿಗೆ ಅದು ಏನೆಂದು ಗೊತ್ತಾಗುತ್ತದೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟಿನ ಹಣವಿಲ್ಲ. ಇದರ ಖರ್ಚಿನ ಬಗ್ಗೆ ವಾದ ಮಾಡುವವರು ಮಾಡಲಿ. ನಾನು ಕಂಡದ್ದು ಇಷ್ಟು: ತಿಂಗಳಿಗೊಮ್ಮೆ ಊರಿಗೆ ಹೋಗಲು ದುಡ್ಡು ಲೆಕ್ಕ ಹಾಕುತ್ತಿದ್ದ ಹುಡುಗಿಯರು ಶನಿವಾರ ಸಂಜೆ ಆಧಾರ್ ಕಾರ್ಡು ತೋರಿಸಿ ಹೋಗಿ ಸೋಮವಾರ ಮುಂಜಾನೆ ಬರುತ್ತಾರೆ. ಅವರು ಮನೆಗೆ ಅತಿಥಿಗಳಾಗುವುದು ತಪ್ಪಿತು. ಇದು ದೊಡ್ಡ ಲಾಭ. ಆದರೆ ಅದೇ ಹುಡುಗಿಯರು ಹೇಳುತ್ತಾರೆ, ಊರಿಗೆ ಹೋದರೆ ಎರಡು ದಿನ ರೊಟ್ಟಿ ಬಡಿಯುವುದು, ಬಟ್ಟೆ ಒಗೆಯುವುದು, ಪುಸ್ತಕ ಬ್ಯಾಗಿನಿಂದ ಹೊರಗೇ ಬರುವುದಿಲ್ಲ. ಅಣ್ಣ ಬಂದರೆ ಬೀಗ, ತಂಗಿ ಬಂದರೆ ಆಳು. ಒಂದೇ ಮನೆಯಲ್ಲಿ ಈ ಎರಡೂ ತಪ್ಪು ಒಟ್ಟಿಗೆ ನಡೆಯುತ್ತವೆ. ಮಗನಿಗೆ ಕೆಲಸ ಹಚ್ಚಿದರೆ ಮಗಳಿಗೆ ಓದಲು ಹೊತ್ತು ಸಿಗುತ್ತದೆ. ಇದರಲ್ಲಿ ಲೆಕ್ಕ ಹಾಕುವಂಥದ್ದೇನೂ ಇಲ್ಲ.

ಈ ಬರುವ, ಹೋಗುವ ಲೆಕ್ಕ ಒಮ್ಮೆ ಮಾತ್ರ ಪೂರ್ತಿ ತಪ್ಪಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಎಲ್ಲ ಮಕ್ಕಳೂ ಒಮ್ಮೆಲೇ ಮನೆಗೆ ಬಂದರು, ಹೋಗುವ ದಿನವೇ ಇರಲಿಲ್ಲ. ‘ಯಾವಾಗ ಹೋಗ್ತಿ’ ಎಂದು ಯಾರೂ ಯಾರನ್ನೂ ಕೇಳದ ಕಾಲ ಅದೊಂದೇ. ಗುಡ್ಡ ಹತ್ತಿ ನೆಟ್‌ವರ್ಕ್ ಹುಡುಕಿದ ಮಕ್ಕಳನ್ನು ನಾವು ಕಂಡೆವು. 2021ರ ಮಳೆಗಾಲದಲ್ಲಿ ಸುಳ್ಯದ ಕಡೆಯ ರಸ್ತೆ ಬದಿಯಲ್ಲಿ ಮಗಳು ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದರೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ಪತ್ರಿಕೆಗಳಲ್ಲಿ ಬಂತು. ಆ ಹುಡುಗಿ ಇನ್ನೂ ಹತ್ತನೆಯ ತರಗತಿಯವಳು. ಆದರೂ ಕಾಲೇಜಿನ ಎಷ್ಟೋ ತಂದೆತಾಯಿಗಳು ಆ ಚಿತ್ರದಲ್ಲಿ ತಮ್ಮನ್ನು ಕಂಡರು. ಮಗು ಏನು ಓದುತ್ತದೆ ಎಂಬುದನ್ನು ಅವರು ಮೊದಲ ಸಲ ಕಿವಿಯಾರೆ ಕೇಳಿದ್ದು ಆಗ.

ಕಡೆಯದಾಗಿ ವಾರ್ಡನ್ ಆಗಿ ಹೇಳಬೇಕಾದ ಒಂದು ಮಾತಿದೆ. ಸುಮ್ಮನಿರುವ ಮಕ್ಕಳೆಲ್ಲರಿಗೂ ನಿದ್ದೆಗೇಡೇ ಕಾರಣವಲ್ಲ. ಕೆಲವರು ಬ್ಯಾಕ್‌ಲಾಗ್ ಹೊತ್ತು ಬಂದಿರುತ್ತಾರೆ, ಕೆಲವರು ಅವಮಾನ ಹೊತ್ತು, ಕೆಲವರು ತಮಗೇ ತಿಳಿಯದ ಒಂದು ಭಾರ ಹೊತ್ತು. ಊಟ ಬಿಡುತ್ತಾರೆ, ಗೆಳೆಯರ ಫೋನು ಎತ್ತುವುದಿಲ್ಲ, ಹೋಗುವ ದಿನ ಹತ್ತಿರ ಬಂದಂತೆ ಹೊಟ್ಟೆನೋವು ಎನ್ನುತ್ತಾರೆ. ಅಂಥ ಮಗುವಿಗೆ ಮೊದಲ ದಿನವೇ ‘ರಿಸಲ್ಟ್ ಏನಾತು’ ಎಂದು ಕೇಳಬೇಡಿ. ಹತ್ತಿರ ಕುಳಿತುಕೊಳ್ಳಿ. ‘ನಾಪಾಸಾದರೂ ಈ ಮನಿ ನಿಂದ’ ಎಂದು ಬಾಯಿಬಿಟ್ಟು ಹೇಳಿ. ಹೇಳದೆ ಅವರಿಗೆ ತಿಳಿಯುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ, ತಿಳಿದಿರುವುದಿಲ್ಲ. ವೈದ್ಯರ ಬಳಿ 'ಹುಡುಗನಿಗೆ ಮನಸ್ಸಿನ ತೊಂದರೆ' ಎಂದು ಹೇಳಲು ನಾಚಿಕೆ ಬೇಡ. ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ 2022ರ ಅಕ್ಟೋಬರಿನಿಂದ ಇದೆ, ಸಂಖ್ಯೆ 14416. ಕನ್ನಡದಲ್ಲಿ ಮಾತಾಡಬಹುದು. ಇದನ್ನು ನಿಮ್ಮ ಮೊಬೈಲಿನಲ್ಲಿ ಇಲ್ಲಿಂದ ಏಳುವ ಮೊದಲೇ ಬರೆದುಕೊಳ್ಳಿ.

ಬಂಧುಗಳೆ, ಈ ಸಭೆಯಲ್ಲಿ ತಂದೆತಾಯಿಗಳೇ ಹೆಚ್ಚಿದ್ದೀರಿ. ಇನ್ನು ಕೆಲವು ವಾರಗಳಲ್ಲಿ ನಿಮ್ಮ ಮಕ್ಕಳು ಮನೆಗೆ ಬರುತ್ತಾರೆ. ಬಿಸಿ ರೊಟ್ಟಿ ಬಡಿದು ಹಾಕಿ, ಹೊಟ್ಟೆ ತುಂಬ ಮೊಸರು ಬಡಿಸಿ. ಮೂರು ದಿನ ಮಲಗಲಿ. ನಾಲ್ಕನೆಯ ರಾತ್ರಿ ಊಟವಾದ ಮೇಲೆ ಮನೆಯ ಲೆಕ್ಕದ ಪುಸ್ತಕ ತೆಗೆದು ಅವರ ಮುಂದೆ ಇಡಿ. ಮಗಳ ಮುಂದೆಯೂ ಇಡಿ. ಯಾವಾಗ ಹೋಗ್ತಿ ಎಂದು ಮಾತ್ರ ಕೇಳಬೇಡಿ. ಹೋಗುವ ದಿನ ಬಂದಾಗ ಅವರೇ ಹೇಳುತ್ತಾರೆ.